ಪಿತೂರಿ ಯಾರದು?

ಕೇಡಿಗೆ ಗುಟ್ಟಾಗಿ ಕೈಜೋಡಿಸುವುದನ್ನು ಹೇಳಲು ಕನ್ನಡದಲ್ಲಿ ಮಾತಿಗೆ ಬರವಿಲ್ಲ. ಸಂಚು, ಪಿತೂರಿ, ಮಸಲತ್ತು, ಹುನ್ನಾರ, ಕುಮ್ಮಕ್ಕು, ಶಾಮೀಲು. ಮೇಲುನೋಟಕ್ಕೆ ಎಲ್ಲ ಒಂದೇ. ಏಟು ತಿಂದವರಿಗೆ ಮಾತ್ರ ಒಂದೊಂದೂ ಬೇರೆ ಅಂತ ಗೊತ್ತು.

ಇವುಗಳಲ್ಲಿ ಹಲವು ಹುಟ್ಟುವಾಗ ಕೆಟ್ಟವಲ್ಲ. ಅರಬ್ಬಿ, ಪಾರಸಿಯಿಂದ ಹೊರಟು ದೊರೆಗಳ ಕಚೇರಿ ಕಡತ ಹಿಡಿದು ನಮ್ಮ ಊರಿಗೆ ಬಂದವು. ಶಾಮೀಲು ಅಂದರೆ ಬರೀ ಸೇರಿಕೊಂಡವನು. ಕುಮ್ಮಕ್ಕು ಅಂದರೆ ನೆರವು, ದಂಡಿಗೆ ಒದಗುವ ಹೆಚ್ಚಿನ ಪಡೆ. ಹುನ್ನಾರ ಅಂದರೆ ಕಸುಬುಗಾರಿಕೆ. ಮಸಲತ್ತು ಅಂದರೆ ಒಳಿತಿನ ಆಲೋಚನೆ. ಇಂಥ ಒಳ್ಳೇ ಮಾತುಗಳು ಇಲ್ಲಿ ಯಾಕೆ ಕೆಟ್ಟವು? ಉಳ್ಳವರು ನೆರವು, ಸಲಹೆ, ಜಾಣತನ ಅಂದದ್ದನ್ನು ಇಲ್ಲದವರು ಅದರ ಫಲದಿಂದ ಅಳೆದರು. ನಾವು ಇದನ್ನು ಹೀಗೇ ಓದುತ್ತೇವೆ.

ಪಿತೂರಿಯ ಕತೆ ಇದಕ್ಕೆ ತಿರುಗುಮುರುಗು. ಅದು ಮೇಲಿನಿಂದ ಕೆಳಕ್ಕೆ ಬೀಳುವ ದೊಣ್ಣೆ. 1879ರಲ್ಲಿ ಗೋದಾವರಿ ಸೀಮೆಯ ರಂಪಾ ಬೆಟ್ಟದ ಆದಿವಾಸಿಗಳು ಶೇಂದಿ ತೆರಿಗೆಗೆ, ಪೊಲೀಸರ ಸುಲಿಗೆಗೆ ಎದುರು ಬಿದ್ದರು. ಬ್ರಿಟಿಷರ ಕಡತ ಅದನ್ನು ‘ಫಿತೂರಿ’ ಅಂತ ಬರೆಯಿತು. 1922ರಿಂದ 1924ರವರೆಗೆ ಅಲ್ಲೂರಿ ಸೀತಾರಾಮರಾಜು ಜೊತೆ ಆ ಬೆಟ್ಟಗಳು ಮತ್ತೆ ಎದ್ದಾಗಲೂ ಅದೇ ಹೆಸರು. ಕಾಡು ಕಸಿದವರದು ಆಡಳಿತ, ಕಾಡು ಕೇಳಿದವರದು ಪಿತೂರಿ! 1929ರಲ್ಲಿ ಕಾರ್ಮಿಕ ಸಂಘ ಕಟ್ಟಿದವರನ್ನು ಪಿತೂರಿಗಾರರೆಂದೇ ಮೀರತ್‌ನಲ್ಲಿ ಕಟಕಟೆ ಹತ್ತಿಸಿದರು.

ಹಳ್ಳಿಯಲ್ಲೂ ಹಾಗೇ. ಕೇರಿಯ ನಾಲ್ಕು ಜನ ಗುಡಿಸಲ ಮುಂದೆ ಕೂತರೆ ಪಿತೂರಿ. ಊರಿನವರು ಕಟ್ಟೆ ಮೇಲೆ ಕೂತು ಬಹಿಷ್ಕಾರ ಹಾಕಿದರೆ ಪಂಚಾಯ್ತಿ.

ಇನ್ನು ಕೇರಿಯ ಮೇಲೆ ಬಿದ್ದ ಬೆಂಕಿಗೆ ಯಾವ ಪದ? 2000ದ ಮಾರ್ಚ್ 11ರಂದು ಅವಿಭಜಿತ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಟ್ಟಿತು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹೆಣಗಳಿವೆ, ಕೊಂದವರಿಲ್ಲ. ಸಂಚು ಅನ್ನಲು ಕೋರ್ಟಿಗೆ ಸಂಚುಗಾರ ಬೇಕು, ಶಾಮೀಲು ಅನ್ನಲು ಹೆಸರು ಬೇಕು, ಹೆಸರು ಹೇಳಲು ಬಾಯಿ ಬೇಕು. ಎಲ್ಲೇ ಆಗಲಿ, ನಾಳೆ ಅದೇ ಹೊಲಕ್ಕೆ ಕೂಲಿಗೆ ಹೋಗಬೇಕಾದವನು ನಾಲಿಗೆ ನುಂಗಿಕೊಂಡರೆ ಅದನ್ನು ಶಾಮೀಲು ಅನ್ನಬಾರದು. ಅದರ ಹೆಸರು ಹೆದರಿಕೆ.

ಆದರೆ ಸಂಬಳ ತಿಂದು ಸುಮ್ಮನಿದ್ದವನದು ಹೆದರಿಕೆಯಲ್ಲ. ನಮ್ಮ ಜನ ಅದನ್ನು ‘ಕಂಡೂ ಕಾಣದಂಗಿರೋದು’ ಅಂತಾರೆ. 1989ರ ದೌರ್ಜನ್ಯ ತಡೆ ಕಾಯ್ದೆ ಇದನ್ನು ಅಪರಾಧ ಅಂದಿತು. ಬೇಕೆಂದೇ ಕರ್ತವ್ಯ ಬಿಟ್ಟ, ಪರಿಶಿಷ್ಟ ಜಾತಿ-ಪಂಗಡಕ್ಕೆ ಸೇರದ ಸರ್ಕಾರಿ ನೌಕರನಿಗೆ ಅದರ 4ನೇ ಕಲಮಿನಲ್ಲಿ ಆರು ತಿಂಗಳಿಂದ ಒಂದು ವರ್ಷ ಸಜೆ. 2015ರ ತಿದ್ದುಪಡಿ ಆ ಕರ್ತವ್ಯಗಳನ್ನು ಎಣಿಸಿ ಬರೆದಿದೆ: ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು ಓದಿ ಹೇಳಬೇಕು, ಆಮೇಲೆ ಸಹಿ ಪಡೆಯಬೇಕು, ಪ್ರತಿ ಕೊಡಬೇಕು. ಹೆಬ್ಬೆಟ್ಟಿನ ಜನರಿಗೆ ಈ ಮೂರು ಮಾತು ಗೊತ್ತಾಗಬೇಕು.

ಗೆಳೆಯರೆ, ಹಳ್ಳಿಯ ಮೇಷ್ಟ್ರುಗಳೆ, ಕೇರಿಗೆ ಅರ್ಜಿ ಬರೆದುಕೊಡುವವರು ನೀವೇ. ಪದಗಳನ್ನು ಆರಿಸಿ ಬರೆಯಿರಿ. ಬೆಂಕಿ ಹಚ್ಚಿದವನು, ಕಡ್ಡಿ ಕೊಟ್ಟವನು, ಹಚ್ಚು ಅಂದವನು, ಕಂಡೂ ದೂರು ಬರೆದುಕೊಳ್ಳದವನು. ನಾಲ್ವರಿಗೂ ಒಂದೇ ಹೆಸರಿಟ್ಟರೆ ಮೂವರು ತಪ್ಪಿಸಿಕೊಳ್ಳುತ್ತಾರೆ.