ಬೊಜ್ಜಿನ ಶಸ್ತ್ರಚಿಕಿತ್ಸೆ: ನಿರ್ಧಾರದಿಂದ ನಿತ್ಯದ ಊಟದವರೆಗೆ

ಪಥ್ಯ, ವ್ಯಾಯಾಮ, ಔಷಧಗಳಿಗೆ ಜಗ್ಗದ ಬೊಜ್ಜನ್ನು ಜಠರ ಮತ್ತು ಸಣ್ಣ ಕರುಳಿನ ರಚನೆಯನ್ನೇ ಬದಲಿಸಿ ಇಳಿಸುವ ಚಿಕಿತ್ಸೆಗೆ ಬೇರಿಯಾಟ್ರಿಕ್ ಸರ್ಜರಿ ಎಂದು ಹೆಸರು. ಜನರ ಮಾತಿನಲ್ಲಿ ಅದು ‘ತೂಕ ಇಳಿಸೋ ಆಪರೇಷನ್’. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್‌ಗೂ ಇದಕ್ಕೂ ಸಂಬಂಧವಿಲ್ಲ. ಲೈಪೊಸಕ್ಷನ್ ಅಂದಕ್ಕಾಗಿ ಮಾಡಿಸಿಕೊಳ್ಳುವಂಥದ್ದು. ಅದರಿಂದ ಸಕ್ಕರೆ ಕಾಯಿಲೆ ಗುಣವಾಗುವುದಿಲ್ಲ, ಹಸಿವೂ ಕುಗ್ಗುವುದಿಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆ ನಟಿಯೊಬ್ಬರು ತೀರಿಕೊಂಡಾಗ ಇವೆರಡೂ ಒಂದೇ ಎಂಬ ತಪ್ಪು ಕಲ್ಪನೆ ಮತ್ತಷ್ಟು ಹರಡಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಂಥ ಬೆಂಗಳೂರಿನ ಮಗ್ಗುಲ ಪ್ರದೇಶದಲ್ಲಿ ಈ ಚಿಕಿತ್ಸೆ ಎರಡು ಕಡೆ ಹಂಚಿಹೋಗುತ್ತದೆ: ಆಪರೇಷನ್ ನಡೆಯುವುದು ಮಹಾನಗರದಲ್ಲಿ, ಅದರ ಫಲ ನಿಲ್ಲಬೇಕಾದದ್ದು ಊರಿನ ಅಡುಗೆಮನೆಯಲ್ಲಿ ಮತ್ತು ತಾಲ್ಲೂಕಿನ ಆಸ್ಪತ್ರೆಯಲ್ಲಿ.

ಕರುಳಿನಿಂದ ಜಠರಕ್ಕೆ

ಈ ಕ್ಷೇತ್ರದ ಮೊದಲ ಪ್ರಯೋಗಗಳು ಕರುಳಿನ ಮೇಲೆ ನಡೆದವು. 1954ರಲ್ಲಿ ಅಮೆರಿಕದ ಮಿನ್ನೆಸೋಟದ ಕ್ರೆಮೆನ್, ಲಿನ್ನರ್ ಮತ್ತು ಸಂಗಡಿಗರು ಸಣ್ಣ ಕರುಳಿನ ಬಹುಭಾಗವನ್ನು ಬಳಸಿಹೋಗುವಂತೆ ಜೋಡಿಸುವ ವಿಧಾನವನ್ನು ಪ್ರಕಟಿಸಿದರು. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲವಾದ್ದರಿಂದ ತೂಕವೇನೋ ಇಳಿಯಿತು. ಆದರೆ ಬಿಡದ ಭೇದಿ, ಮೂತ್ರಪಿಂಡದ ಕಲ್ಲು, ಯಕೃತ್ತಿನ ವೈಫಲ್ಯ ಬೆನ್ನಿಗೇ ಬಂದವು. 1980ರ ಹೊತ್ತಿಗೆ ಆ ವಿಧಾನ ಬಹುತೇಕ ಮೂಲೆ ಸೇರಿತು.

ದಾರಿ ಬದಲಿಸಿದವರು ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್. ಹುಣ್ಣಿನ ಕಾರಣಕ್ಕೆ ಜಠರದ ಭಾಗ ತೆಗೆಸಿಕೊಂಡವರು ತೂಕ ಕಳೆದುಕೊಳ್ಳುವುದನ್ನು ಗಮನಿಸಿದ ಅವರು, ಚಿಕಾಶಿ ಇಟೊ ಜೊತೆಗೂಡಿ 1967ರಲ್ಲಿ ಗ್ಯಾಸ್ಟ್ರಿಕ್ ಬೈಪಾಸನ್ನು ವರದಿ ಮಾಡಿದರು. ಇಂದಿನ ರೂಪದಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿ ಲೀಟರ್ ಹಿಡಿಯುವ ಚಿಕ್ಕ ಚೀಲವನ್ನು ಬೇರ್ಪಡಿಸಿ ನೇರವಾಗಿ ಸಣ್ಣ ಕರುಳಿಗೆ ಸೇರಿಸುತ್ತಾರೆ. ಉಳಿದ ಜಠರ ಹೊಟ್ಟೆಯಲ್ಲೇ ಇದ್ದರೂ ಅನ್ನ ಅತ್ತ ಹಾಯುವುದಿಲ್ಲ. 1970ರ ದಶಕದ ಕೊನೆಯಲ್ಲಿ ಇಟಲಿಯ ನಿಕೋಲಾ ಸ್ಕೋಪಿನಾರೊ ಪಿತ್ತ ಮತ್ತು ಮೇದೋಜೀರಕ ರಸಗಳ ದಾರಿಯನ್ನೇ ತಿರುಗಿಸುವ ಇನ್ನೂ ಪ್ರಬಲವಾದ ವಿಧಾನ ರೂಪಿಸಿದರು. ಅದರಿಂದ ಇಳಿಯುವ ತೂಕ ಹೆಚ್ಚು, ಪೋಷಕಾಂಶಗಳ ಕೊರತೆಯೂ ಹೆಚ್ಚು.

ಕಿಂಡಿಯ ಆಪರೇಷನ್

1990ರ ದಶಕದವರೆಗೂ ಹೊಟ್ಟೆಯನ್ನು ಉದ್ದಕ್ಕೆ ಸೀಳಿಯೇ ಈ ಆಪರೇಷನ್ ಮಾಡಬೇಕಿತ್ತು. ದಪ್ಪ ಮೈಯವರಲ್ಲಿ ಆ ಗಾಯ ಮಾಯುವುದೇ ದೊಡ್ಡ ತೊಡಕಾಗಿತ್ತು. 1994ರಲ್ಲಿ ವಿಟ್‌ಗ್ರೋವ್ ಮತ್ತು ಕ್ಲಾರ್ಕ್ ಲ್ಯಾಪರೊಸ್ಕೋಪಿಯ ಮೂಲಕ ಬೈಪಾಸ್ ಮಾಡಿದ ವರದಿ ಬಂದ ಮೇಲೆ ನಾಲ್ಕೈದು ಸಣ್ಣ ರಂಧ್ರಗಳಲ್ಲೇ ಕೆಲಸ ಮುಗಿಯುವಂತಾಯಿತು. ಅದೇ ದಶಕದಲ್ಲಿ ಜಠರಕ್ಕೆ ಸಿಲಿಕೋನ್ ಪಟ್ಟಿ ಬಿಗಿಯುವ ‘ಬ್ಯಾಂಡ್’ ಜನಪ್ರಿಯವಾಯಿತು. ಪಟ್ಟಿ ಜಾರುವುದು, ಜಠರವನ್ನು ಕೊರೆಯುವುದು, ತೂಕ ಸಾಕಷ್ಟು ಇಳಿಯದಿರುವುದು ಇವೆಲ್ಲ ಕಂಡುಬಂದು ಅದರ ಬಳಕೆ ತಗ್ಗಿತು.

ಈಗ ಅತಿ ಹೆಚ್ಚು ನಡೆಯುವ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಮೊದಲು ಸ್ವತಂತ್ರ ಚಿಕಿತ್ಸೆಯೇ ಆಗಿರಲಿಲ್ಲ. ಅತಿಯಾದ ತೂಕದವರಿಗೆ ದೀರ್ಘ ಆಪರೇಷನ್ ಒಂದೇ ಸಲ ಮಾಡುವುದು ಅಪಾಯವೆಂದು, 2000ದ ಆಸುಪಾಸಿನಲ್ಲಿ ಮಿಷೆಲ್ ಗಾನ್ಯೆ ಮತ್ತಿತರರು ಅದನ್ನು ಎರಡು ಕಂತು ಮಾಡಿದರು. ಮೊದಲ ಕಂತಿನಲ್ಲಿ ಜಠರದ ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು ಬಾಳೆಹಣ್ಣಿನಾಕಾರದ ನಳಿಗೆಯನ್ನಷ್ಟೇ ಉಳಿಸುತ್ತಿದ್ದರು. ಅನೇಕರಿಗೆ ಎರಡನೆಯ ಕಂತಿನ ಅಗತ್ಯವೇ ಬೀಳಲಿಲ್ಲ. ತೆಗೆದುಹಾಕಿದ ಭಾಗ ಹಸಿವು ಹುಟ್ಟಿಸುವ ಘ್ರೆಲಿನ್ ಹಾರ್ಮೋನಿನ ಮುಖ್ಯ ತಾಣವಾದ್ದರಿಂದ ಹಸಿವೂ ಇಳಿಯುತ್ತದೆ. ಸ್ಲೀವ್ ಆದವರ ಒಟ್ಟು ತೂಕದಲ್ಲಿ ಸುಮಾರು ಕಾಲುಭಾಗ, ಬೈಪಾಸ್ ಆದವರಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು ಕರಗುವುದು ಸಾಮಾನ್ಯ. ಎದೆಯುರಿ, ಹುಳಿತೇಗು ಮೊದಲೇ ಇದ್ದವರಿಗೆ ಸ್ಲೀವ್‌ನಿಂದ ಅದು ಹೆಚ್ಚಬಹುದು. ಅಂಥವರಿಗೆ ಬೈಪಾಸ್ ಸೂಕ್ತ.

ತೂಕದಿಂದ ಸಕ್ಕರೆ ಕಾಯಿಲೆಗೆ

1995ರಲ್ಲಿ ವಾಲ್ಟರ್ ಪೋರೀಸ್ ಪ್ರಕಟಿಸಿದ ವರದಿ ಕ್ಷೇತ್ರದ ದಿಕ್ಕನ್ನೇ ತಿರುಗಿಸಿತು. ಬೈಪಾಸ್ ಆದ ಸಕ್ಕರೆ ಕಾಯಿಲೆಯವರಲ್ಲಿ ಶೇ 83ರಷ್ಟು ಜನರ ಸಕ್ಕರೆ ಮಟ್ಟ ಸಹಜಕ್ಕೆ ಬಂದಿತ್ತು, ಅದೂ ತೂಕ ಪೂರ್ತಿ ಇಳಿಯುವುದಕ್ಕೆ ಮುಂಚೆಯೇ. ಅನ್ನ ಬೇಗ ಕೆಳಗಿನ ಕರುಳಿಗೆ ಇಳಿದಾಗ ಜಿಎಲ್‌ಪಿ-1 ಮುಂತಾದ ಹಾರ್ಮೋನುಗಳು ಹೆಚ್ಚಿ ಇನ್ಸುಲಿನ್‌ಗೆ ಬಲ ಬರುತ್ತದೆ ಎಂಬುದು ಮುಂದೆ ತಿಳಿಯಿತು. 1987ರಲ್ಲಿ ಶುರುವಾದ ಸ್ವೀಡನ್ನಿನ ದೀರ್ಘ ಅಧ್ಯಯನ, ಆಪರೇಷನ್ ಆದವರಲ್ಲಿ ಸಾವಿನ ಅಪಾಯ ಸುಮಾರು ಶೇ 29ರಷ್ಟು ಕಡಿಮೆ ಎಂದು 2007ರಲ್ಲಿ ತೋರಿಸಿತು.

ಗುಣವಾದದ್ದು ಹಾಗೆಯೇ ಉಳಿಯುತ್ತದೆ ಎಂಬ ಖಾತರಿ ಇಲ್ಲ. ಅಮೆರಿಕದ ಸ್ಟಾಂಪೀಡ್ ಅಧ್ಯಯನದಲ್ಲಿ ಮೂರು ತಿಂಗಳ ಸಕ್ಕರೆ ಸರಾಸರಿ ಶೇ 6ಕ್ಕೆ ಇಳಿದವರು ಮೊದಲ ವರ್ಷದಲ್ಲಿ ಬೈಪಾಸ್ ಗುಂಪಿನ ಶೇ 42, ಸ್ಲೀವ್ ಗುಂಪಿನ ಶೇ 37, ಬರೀ ಔಷಧದ ಗುಂಪಿನ ಶೇ 12. ಐದು ವರ್ಷಕ್ಕೆ ಆ ಅಂಕಿಗಳು 29, 23, 5ಕ್ಕೆ ಇಳಿದವು. ಶಸ್ತ್ರಚಿಕಿತ್ಸೆ ಮೇಲುಗೈ ಕಾಯ್ದುಕೊಂಡರೂ ಕಾಲ ಅದರ ಫಲವನ್ನು ಸವೆಸುತ್ತದೆ.

ಭಾರತದ ಅಳತೆಗೋಲು

ಯಾರಿಗೆ ಆಪರೇಷನ್ ಎಂಬುದನ್ನು ಬಿಎಂಐ, ಅಂದರೆ ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ, ನಿರ್ಧರಿಸುತ್ತದೆ. 1991ರ ಅಮೆರಿಕದ ಒಮ್ಮತದ ಪ್ರಕಾರ 40 ದಾಟಿದವರು, ಇಲ್ಲವೇ 35 ದಾಟಿ ಬೇರೆ ಕಾಯಿಲೆಯೂ ಇರುವವರು ಅರ್ಹರು. ಈ ಅಳತೆ ಭಾರತೀಯರಿಗೆ ಹೊಂದುವುದಿಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮದೇ ದೇಹಗಳನ್ನು ಹೋಲಿಸಿ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದರು: ಇಬ್ಬರದೂ ಬಿಎಂಐ 22.3, ಆದರೆ ದೇಹದ ಕೊಬ್ಬು ಯುಡ್ಕಿನ್‌ರದು ಶೇ 9.1, ಯಾಜ್ಞಿಕ್‌ರದು ಶೇ 21.2. ನೋಡಲು ಸಣಕಲಾದರೂ ಹೊಟ್ಟೆಯೊಳಗೆ ಕೊಬ್ಬು ತುಂಬಿಕೊಳ್ಳುವ ಈ ಮೈಕಟ್ಟೇ ನಮ್ಮಲ್ಲಿ ಸಕ್ಕರೆ ಕಾಯಿಲೆ ಬೇಗ ಬರುವುದಕ್ಕೆ ಒಂದು ಕಾರಣ.

ಭಾರತದ ಬೊಜ್ಜು ಶಸ್ತ್ರವೈದ್ಯರ ಸಂಘ 2002ರಲ್ಲಿ ಹುಟ್ಟಿತು. 2009ರಲ್ಲಿ ದೇಶದ ತಜ್ಞರು ಒಮ್ಮತಕ್ಕೆ ಬಂದು ಮಿತಿಯನ್ನು 37.5ಕ್ಕೆ, ಬೇರೆ ಕಾಯಿಲೆ ಇದ್ದರೆ 32.5ಕ್ಕೆ ಇಳಿಸಿದರು. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಏಷ್ಯನ್ನರ ವಿಷಯದಲ್ಲಿ 27.5ರವರೆಗೂ ಬಂದಿದೆ. ಆರೋಗ್ಯ ವಿಮೆ ಮಾತ್ರ ಹಳೆಯ ಗೆರೆಯಲ್ಲೇ ನಿಂತಿದೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ರೂಪಿಸಿದ ಏಕರೂಪದ ಷರತ್ತಿನಂತೆ 40, ಅಥವಾ 35ರ ಜೊತೆಗೆ ಹೃದ್ರೋಗ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ನಿದ್ರೆಯಲ್ಲಿ ತೀವ್ರವಾಗಿ ಉಸಿರು ಕಟ್ಟುವಂಥ ತೊಂದರೆ ಇರಬೇಕು. 160 ಸೆಂ.ಮೀ. ಎತ್ತರದ, ಶುಗರ್ ಹತೋಟಿ ತಪ್ಪಿದ ಹೆಂಗಸೊಬ್ಬರಿಗೆ 2009ರ ಒಮ್ಮತದ ಪ್ರಕಾರ ಸುಮಾರು 83 ಕಿಲೋಗೇ ಅರ್ಹತೆ. ವಿಮೆಯ ಪ್ರಕಾರ 90 ಕಿಲೋ ಆಗಬೇಕು. ನಡುವಿನ ಏಳು ಕಿಲೋದಲ್ಲಿರುವವರು ಕೆಲವು ಲಕ್ಷ ರೂಪಾಯಿಯ ಖರ್ಚನ್ನು ಕೈಯಿಂದಲೇ ಭರಿಸಬೇಕು.

ನಾಲ್ಕು ತಾಲ್ಲೂಕುಗಳಲ್ಲಿ ನಿರ್ಧಾರ

2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡ ಈ ಪ್ರದೇಶ ರಾಗಿ ಮತ್ತು ರೇಷ್ಮೆಯ ನಾಡು. ಹಿಪ್ಪುನೇರಳೆ ಸೊಪ್ಪು ಕೊಯ್ದು ಹೊರುವ, ರಾಗಿ ಹೊಲದ ಕಳೆ ಕೀಳುವ ದುಡಿಮೆಯ ಪಕ್ಕದಲ್ಲೇ ಕೂತು ಮಾಡುವ ಕೆಲಸ ಬೆಳೆದಿದೆ: ಬಿಡದಿಯ ಕಾರ್ಖಾನೆಗಳ ಶಿಫ್ಟು, ಬೆಂಗಳೂರಿನ ಆಫೀಸುಗಳಿಗೆ ದಿನನಿತ್ಯದ ಓಡಾಟ, ಅಂಗಡಿ, ಕಾರು ಚಾಲನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಬಿಎಂಐ 25 ಮುಟ್ಟಿದ ಅಥವಾ ದಾಟಿದ ಮಹಿಳೆಯರು ಕರ್ನಾಟಕದಲ್ಲಿ 2015–16ರಲ್ಲಿ ಶೇ 23.3 ಇದ್ದದ್ದು 2019–21ರಲ್ಲಿ ಶೇ 30.1 ಆಯಿತು, ಪುರುಷರು ಶೇ 22.1ರಿಂದ 30.9ಕ್ಕೆ ಏರಿದರು.

ಇಲ್ಲಿ ಆಪರೇಷನ್ ಮಾತು ಶುರುವಾಗುವುದು ಹೆಚ್ಚಾಗಿ ಬೊಜ್ಜಿನಿಂದಲ್ಲ. ಮಂಡಿನೋವು, ಏರುತ್ತಲೇ ಇರುವ ಇನ್ಸುಲಿನ್, ಮನೆಯವರ ನಿದ್ದೆಗೆಡಿಸುವ ಗೊರಕೆ, ಮಕ್ಕಳಾಗದ ಚಿಂತೆ ಮೊದಲು ಬರುತ್ತವೆ. ಒಪ್ಪುವ ಮುನ್ನ ರಕ್ತ, ಥೈರಾಯ್ಡ್, ಹೃದಯ, ಶ್ವಾಸಕೋಶದ ಪರೀಕ್ಷೆ, ಎಂಡೋಸ್ಕೋಪಿ, ಆಹಾರತಜ್ಞರ ಮತ್ತು ಮನೋವೈದ್ಯರ ಭೇಟಿ ನಡೆಯಬೇಕು. ಬೀಡಿ ಸಿಗರೇಟು ಬಿಡಲೇಬೇಕು. ಯಕೃತ್ತು ಕುಗ್ಗಲೆಂದು ಎರಡು ವಾರ ಕಡಿಮೆ ಕ್ಯಾಲರಿಯ ಪಥ್ಯವನ್ನು ಅನೇಕ ಕಡೆ ಕೊಡುತ್ತಾರೆ. ಮದುವೆಗೆ ಮುಂಚೆ ತೂಕ ಇಳಿಯಲಿ ಎಂದು ಗುಟ್ಟಾಗಿ ಮಾಡಿಸುವ ಕುಟುಂಬಗಳು ಒಂದು ಸಂಗತಿಯನ್ನು ತಿಳಿದಿರಬೇಕು: ಆಪರೇಷನ್ ಆದ 12ರಿಂದ 18 ತಿಂಗಳು ಬಸಿರು ಮುಂದೂಡಬೇಕು. ಗುಟ್ಟು ಕಾಪಾಡಿಕೊಂಡು ಅದನ್ನು ಪಾಲಿಸುವುದು ಕಷ್ಟ.

ಅನುಭವಿ ಕೇಂದ್ರಗಳಲ್ಲಿ ಸಾವಿನ ಪ್ರಮಾಣ ಸಾವಿರಕ್ಕೆ ಮೂರನ್ನು ಮೀರುವುದಿಲ್ಲ. ಹೊಲಿಗೆ ಸೋರುವುದು, ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ಮುಖ್ಯ ಅಪಾಯಗಳು. ರೋಗಿ ಎರಡು ಮೂರು ದಿನಕ್ಕೇ ಮನೆಗೆ ಬರುವುದರಿಂದ ಸೋರಿಕೆ ಊರಿಗೆ ಬಂದ ಮೇಲೂ ಕಾಣಿಸಿಕೊಳ್ಳಬಹುದು. ನಾಡಿ 120 ದಾಟುವುದು, ಜ್ವರ, ಹೊಟ್ಟೆಯ ಅಥವಾ ಎಡಭುಜದ ನೋವು, ಏದುಸಿರು ಕಂಡರೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಕೂರದೆ ಆಪರೇಷನ್ ಮಾಡಿದ ಆಸ್ಪತ್ರೆಗೆ ಹೊರಡಬೇಕು. ರಾಮನಗರ, ಚನ್ನಪಟ್ಟಣದವರಿಗೆ ರೈಲೂ ಉಂಟು. ಕನಕಪುರ, ಮಾಗಡಿಯವರಿಗೆ ರಸ್ತೆಯೊಂದೇ ಗತಿ. ಹಾಗಾಗಿ ರಾತ್ರಿ ವೇಳೆಯ ವಾಹನದ ಏರ್ಪಾಡೂ ನಿರ್ಧಾರದ ಒಂದು ಭಾಗ.

ಮುದ್ದೆಯ ತಟ್ಟೆಯಲ್ಲಿ

ಆಪರೇಷನ್ ಆದ ಮೊದಲ ಎರಡು ವಾರ ದ್ರವಾಹಾರ, ಆಮೇಲೆ ನುಣ್ಣಗೆ ಮಸೆದದ್ದು, ನಂತರ ಮೆತ್ತನೆಯದು, ಸುಮಾರು ಎರಡು ತಿಂಗಳಿಗೆ ಮಾಮೂಲಿ ಊಟ. ತೆಳ್ಳಗೆ ಸೋಸಿದ, ಬೆಲ್ಲ ಹಾಕದ ರಾಗಿ ಗಂಜಿ ಮೊದಲ ಹಂತಕ್ಕೇ ಒಗ್ಗುತ್ತದೆ. ಕಷ್ಟವಾಗುವುದು ಮುದ್ದೆ. ಅದು ಅಗಿಯುವ ಅನ್ನವಲ್ಲ. ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗುವಂಥದ್ದು. ಕಿರಿದಾದ ಜಠರಕ್ಕೆ ಅಗಿಯದ ತುತ್ತು ಇಳಿದರೆ ಎದೆಯಲ್ಲಿ ಸಿಕ್ಕಿಕೊಂಡಂತಾಗಿ ನೊರೆನೊರೆಯಾಗಿ ವಾಂತಿಯಾಗುತ್ತದೆ. ಬಾಲ್ಯದಿಂದ ಬಂದ ನುಂಗುವ ರೂಢಿಯನ್ನು ಬಿಟ್ಟು ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯುವುದನ್ನು ಕಲಿಯಬೇಕು. ಊಟದ ನಡುವೆ ನೀರು ಕುಡಿಯುವಂತಿಲ್ಲ. ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಬೇಕು.

ಊಟದ ಕ್ರಮವೂ ತಲೆಕೆಳಗಾಗುತ್ತದೆ. ಬಸ್ಸಾರಿನ ಊಟದಲ್ಲಿ ಮುದ್ದೆಯೇ ಯಜಮಾನ, ಬಸಿದ ಕಟ್ಟು ಸಾರಾಗುತ್ತದೆ, ಉಳಿದ ಕಾಳುಸೊಪ್ಪಿನ ಪಲ್ಯ ನೆಂಚಿಕೊಳ್ಳಲು. ಆಪರೇಷನ್ ಆದವರು ಆ ಪಲ್ಯದ ಕಾಳನ್ನೇ ಮೊದಲು ತಿನ್ನಬೇಕು, ಜಾಗ ಉಳಿದರೆ ಮುದ್ದೆ. ಯಾಕೆಂದರೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು, ಇಲ್ಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಎರಡು ಮೊಟ್ಟೆಯಿಂದ ಸುಮಾರು 12 ಗ್ರಾಂ, ಅರ್ಧ ಲೀಟರ್ ಹಾಲು ಮೊಸರಿನಿಂದ 16, 50 ಗ್ರಾಂ ಹುರುಳಿಕಾಳಿನಿಂದ 11 ಗ್ರಾಂ ಸಿಗುತ್ತದೆ. ಉಳಿದದ್ದಕ್ಕೆ 100 ಗ್ರಾಂ ಕೋಳಿ, ಸಸ್ಯಾಹಾರಿಗಳಿಗೆ ಸೋಯಾ ಅಥವಾ ಪ್ರೋಟೀನ್ ಪುಡಿ. ಬೈಪಾಸ್ ಆದವರು ಹೋಳಿಗೆ, ಮೈಸೂರು ಪಾಕ್, ಜ್ಯೂಸ್ ಸೇವಿಸಿದರೆ ಎದೆ ಹೊಡೆದುಕೊಂಡು, ಬೆವೆತು, ಭೇದಿಯಾಗಬಹುದು. ಬೀಗರೂಟದ ಪಂಕ್ತಿಯಲ್ಲಿ ‘ಇನ್ನೊಂದು ತುತ್ತು’ ಎಂಬ ಒತ್ತಾಯವನ್ನು ನಿವಾರಿಸುವುದಕ್ಕೆ ಮನೆಯವರ ಬೆಂಬಲ ಬೇಕು.

ವರ್ಷಗಳು ಕಳೆದಂತೆ

ಆಪರೇಷನ್ ಆದ ಮೂರರಿಂದ ಆರು ತಿಂಗಳಲ್ಲಿ ಹಲವರ ಕೂದಲು ಉದುರುತ್ತದೆ, ಬಹುಪಾಲು ಮತ್ತೆ ಬರುತ್ತದೆ. ಬೇಗ ತೂಕ ಇಳಿದಾಗ ಪಿತ್ತಕೋಶದಲ್ಲಿ ಕಲ್ಲಾಗಬಹುದು. ಚರ್ಮ ಜೋತುಬೀಳುತ್ತದೆ. ಮದ್ಯ ಬೇಗ ತಲೆಗೇರುತ್ತದೆ, ಚಟವಾಗುವ ಅಪಾಯವೂ ಹೆಚ್ಚು. ಊಟದಲ್ಲಿ ಸಮಾಧಾನ ಕಾಣುತ್ತಿದ್ದವರಿಗೆ ಆ ದಾರಿ ಮುಚ್ಚಿದಾಗ ಖಿನ್ನತೆ ಬರಬಹುದು. ತೂಕ ಒಂದು, ಒಂದೂವರೆ ವರ್ಷಕ್ಕೆ ತಳ ಮುಟ್ಟಿ, ಆಮೇಲೆ ಹಲವರಲ್ಲಿ ಸ್ವಲ್ಪ ಏರುತ್ತದೆ.

ಶಸ್ತ್ರಚಿಕಿತ್ಸೆಯ ಜೊತೆಗೆ ಹೊಸ ಚುಚ್ಚುಮದ್ದುಗಳ ಕಾಲ ಬಂದಿದೆ. ಕರುಳಿನ ಹಾರ್ಮೋನುಗಳನ್ನು ಅನುಕರಿಸುವ ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ, ತೂಕಕ್ಕೆಂದೇ ಇರುವ ಸೆಮಾಗ್ಲುಟೈಡ್ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಪ್ರಯೋಗಗಳಲ್ಲಿ ಸೆಮಾಗ್ಲುಟೈಡ್‌ನಿಂದ ಸುಮಾರು ಶೇ 15, ಟಿರ್ಜೆಪಟೈಡ್‌ನ ಹೆಚ್ಚಿನ ಪ್ರಮಾಣದಿಂದ ಸುಮಾರು ಶೇ 20 ತೂಕ ಇಳಿದಿದೆ. ವಾರಕ್ಕೊಂದು ಚುಚ್ಚುಮದ್ದನ್ನು ನಿಲ್ಲಿಸಿದರೆ ಇಳಿದ ತೂಕದ ಬಹುಭಾಗ ಮರಳುತ್ತದೆ. ಹೀಗಾಗಿ ಮಧ್ಯಮ ಬೊಜ್ಜಿನವರಿಗೆ ಔಷಧ, ತೀವ್ರ ಬೊಜ್ಜಿನವರಿಗೆ ಶಸ್ತ್ರಚಿಕಿತ್ಸೆ, ಆಪರೇಷನ್ ಆದಮೇಲೆ ತೂಕ ಏರಿದವರಿಗೆ ಮತ್ತೆ ಔಷಧ ಎಂಬ ಕೂಡುಕ್ರಮ ರೂಪುಗೊಳ್ಳುತ್ತಿದೆ.

ಆಪರೇಷನ್ ಆದವರಿಗೆ ಕಬ್ಬಿಣ, ಕ್ಯಾಲ್ಸಿಯಂ, ಡಿ, ಬಿ12, ಬಿ1 ಜೀವಸತ್ವಗಳ ಮಾತ್ರೆ ಜೀವನಪರ್ಯಂತ ಬೇಕು. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಬೇಕು. ಇದಿಷ್ಟಕ್ಕೆ ಬೆಂಗಳೂರಿಗೇ ಹೋಗಬೇಕಿಲ್ಲ. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್‌ಗಳಲ್ಲಿ ಶುಗರ್, ಬಿ.ಪಿ. ಮೇಲೆ ನಿಗಾ ಇಡಬಹುದು, ಉಳಿದ ಪರೀಕ್ಷೆಗಳನ್ನು ಪಟ್ಟಣದ ಲ್ಯಾಬಿನಲ್ಲೇ ಮಾಡಿಸಬಹುದು. ಆದರೆ ಸ್ಥಳೀಯ ವೈದ್ಯರಿಗೆ ಆಪರೇಷನ್ ಯಾವುದೆಂದು ಗೊತ್ತಿರಲೇಬೇಕು. ದಿನಗಟ್ಟಲೆ ವಾಂತಿಯಾಗಿ ಸುಸ್ತಾದವರಿಗೆ ಬಿ1 ಕೊಡದೆ ಗ್ಲೂಕೋಸ್ ಡ್ರಿಪ್ ಏರಿಸಿದರೆ ಮೆದುಳಿಗೇ ಹಾನಿಯಾಗಬಹುದು. ಬೈಪಾಸ್ ಆದವರು ಮಂಡಿನೋವಿಗೆಂದು ಮೆಡಿಕಲ್ ಸ್ಟೋರಿನಲ್ಲಿ ಕೊಂಡ ನೋವಿನ ಮಾತ್ರೆ ನುಂಗಿದರೆ ಜಠರದ ಜೋಡಣೆಯಲ್ಲಿ ಹುಣ್ಣಾಗಬಹುದು. ಶುಗರ್, ಬಿ.ಪಿ. ಮಾತ್ರೆಗಳ ಪ್ರಮಾಣವನ್ನು ತೂಕ ಇಳಿದಂತೆ ತಗ್ಗಿಸದಿದ್ದರೆ ತಲೆಸುತ್ತಿ ಬೀಳುವುದೂ ಉಂಟು. ಆಪರೇಷನ್ ಹೆಸರು, ದಿನಾಂಕ, ಕೊಡಬಾರದ ಔಷಧ, ಮಾಡಿಸಬೇಕಾದ ಪರೀಕ್ಷೆ, ಶಸ್ತ್ರವೈದ್ಯರ ಫೋನ್ ನಂಬರ್ ಇರುವ ಡಿಸ್ಚಾರ್ಜ್ ಚೀಟಿಯ ಪ್ರತಿಯೊಂದನ್ನು ಊರಿನ ವೈದ್ಯರಿಗೆ ಕೊಟ್ಟಿರುವುದು ಈ ತೊಂದರೆಗಳನ್ನು ತಪ್ಪಿಸಲು ಇರುವ ಅತಿ ಸುಲಭದ ಉಪಾಯ.