ಕಾರಿನ ಸೀಟ್ ಬೆಲ್ಟ್ ದೋಷ: ನೆಲಮಂಗಲ ವ್ಯಾಪ್ತಿಯ ವಾಹನ ಮಾಲೀಕರಿಗೆ ಮಾಹಿತಿ

ನೆಲಮಂಗಲದ ಪ್ರಾದೇಶಿಕ ಸಾರಿಗೆ ಕಛೇರಿಯಲ್ಲಿ ಕೆಎ 52 ಸಂಕೇತದಡಿ ನೋಂದಣಿಯಾದ ಕಾರುಗಳ ಮಾಲೀಕರು ಸೀಟ್ ಬೆಲ್ಟಿನಲ್ಲಿ ದೋಷ ಕಂಡುಬಂದಾಗ ಅನುಸರಿಸಬೇಕಾದ ಕ್ರಮಗಳನ್ನು ಇಲ್ಲಿ ತಿಳಿಸಲಾಗಿದೆ. ತುಮಕೂರು ಮತ್ತು ಹಾಸನದ ಕಡೆಯ ಹೆದ್ದಾರಿಗಳು ನೆಲಮಂಗಲದಲ್ಲಿ ಕವಲೊಡೆಯುವುದರಿಂದ ಇಲ್ಲಿನ ಕಾರುಗಳು ಊರು ದಾಟಿದೊಡನೆ ಹೆದ್ದಾರಿಯ ವೇಗಕ್ಕೆ ಏರುತ್ತವೆ.

ಕಾನೂನಿನ ಸ್ಥಿತಿ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 138(3)ರನ್ವಯ ಸೀಟ್ ಬೆಲ್ಟ್ ಅಳವಡಿಸಿದ ಕಾರಿನಲ್ಲಿ ಚಾಲಕರು, ಅವರ ಪಕ್ಕದಲ್ಲಿರುವವರು ಹಾಗೂ ಹಿಂಬದಿಯಲ್ಲಿ ಮುಂದಕ್ಕೆ ಮುಖಮಾಡಿದ ಆಸನಗಳಲ್ಲಿರುವವರು ಅದನ್ನು ಧರಿಸತಕ್ಕದ್ದು. ತಪ್ಪಿದಲ್ಲಿ ಮೋಟಾರು ವಾಹನ ಕಾಯ್ದೆ, 1988ರ ಕಲಂ 194ಬಿ ಪ್ರಕಾರ 1,000 ರೂ. ದಂಡವಿದೆ. ಬೆಲ್ಟ್ ಕೆಟ್ಟಿದೆ ಎಂಬುದು ತಪಾಸಣೆಯ ವೇಳೆ ಹೇಳಲಾಗುವ ಸಾಮಾನ್ಯ ಸಮಜಾಯಿಷಿ. ಅದರಿಂದ ವಿನಾಯಿತಿ ದೊರೆಯುವುದಿಲ್ಲ. ಅಪಾಯಕಾರಿ ದೋಷವಿರುವುದನ್ನು ತಿಳಿದೂ ವಾಹನ ಚಲಾಯಿಸುವುದು ಕಲಂ 190ರಡಿ ಪ್ರತ್ಯೇಕ ಅಪರಾಧ.

ದೋಷವನ್ನು ಗುರುತಿಸುವುದು

ಬೆಲ್ಟನ್ನು ರಭಸದಿಂದ ಎಳೆದಾಗ ಅದು ಥಟ್ಟನೆ ಬಿಗಿದುಕೊಳ್ಳಬೇಕು. ಬಿಟ್ಟಾಗ ತಾನಾಗಿ ಒಳಸರಿಯಬೇಕು. ಪಟ್ಟಿಯ ಅಂಚು ಎಳೆಬಿಟ್ಟಿದ್ದರೆ ಅಥವಾ ಬಕಲ್ ಕಚ್ಚಿಕೊಂಡ ನಂತರ ಜಗ್ಗಿದರೆ ಕಳಚಿಕೊಳ್ಳುತ್ತಿದ್ದರೆ ಬದಲಾಯಿಸಬೇಕು. ಅಪಘಾತದಲ್ಲಿ ಒಮ್ಮೆ ಸ್ಫೋಟಗೊಂಡ ಪ್ರಿಟೆನ್ಷನರ್ ಮತ್ತೆ ಕೆಲಸ ಮಾಡುವುದಿಲ್ಲ. ಹೊರನೋಟಕ್ಕೆ ಬೆಲ್ಟ್ ಸರಿಯಾಗಿಯೇ ಕಾಣುವುದರಿಂದ ವಿಮಾ ದುರಸ್ತಿಯ ಪಟ್ಟಿಯಲ್ಲಿ ಅದು ಸೇರಿದೆಯೇ ಎಂದು ಮಾಲೀಕರೇ ನೋಡಿಕೊಳ್ಳುವುದು ಒಳಿತು. ಎಚ್ಚರಿಕೆಯ ಸದ್ದನ್ನು ಅಡಗಿಸಲು ಬಕಲ್‌ಗೆ ಸಿಕ್ಕಿಸುವ ಕ್ಲಿಪ್ಪುಗಳು ದುರಸ್ತಿಯಲ್ಲ. ಇಂತಹ 13,118 ಮಾರಾಟ ಪ್ರಕಟಣೆಗಳನ್ನು ಆನ್‌ಲೈನ್ ಮಾರಾಟ ತಾಣಗಳಿಂದ ತೆಗೆದುಹಾಕಲಾಗಿದೆಯೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರಲ್ಲಿ ತಿಳಿಸಿತು.

ತಯಾರಿಕೆಯ ದೋಷ ಮತ್ತು ವಾಹನ ಹಿಂಪಡೆಯುವಿಕೆ

ಬಳಕೆಯಿಂದ ಸವೆದ ಬೆಲ್ಟಿನ ವೆಚ್ಚ ಮಾಲೀಕರದು; ತಯಾರಿಕೆಯಲ್ಲೇ ಉಳಿದ ದೋಷದ ಹೊಣೆ ತಯಾರಕರದು. ಡಿಸೆಂಬರ್ 2022ರಲ್ಲಿ ಮಾರುತಿ ಸುಜುಕಿ ಸಂಸ್ಥೆಯು ಮುಂಬದಿ ಬೆಲ್ಟಿನ ಎತ್ತರ ಹೊಂದಿಸುವ ಭಾಗದಲ್ಲಿ ದೋಷದ ಶಂಕೆಯಿಂದ 9,125 ಕಾರುಗಳನ್ನೂ, ಜನವರಿ 2023ರಲ್ಲಿ ಹಿಂಬದಿ ಬೆಲ್ಟಿನ ಬ್ರಾಕೆಟ್ ಸಡಿಲಗೊಳ್ಳಬಹುದೆಂಬ ಕಾರಣಕ್ಕೆ 11,177 ಗ್ರ್ಯಾಂಡ್ ವಿಟಾರಾ ಕಾರುಗಳನ್ನೂ ಹಿಂಪಡೆದು ಉಚಿತವಾಗಿ ಪರಿಶೀಲಿಸುವುದಾಗಿ ಪ್ರಕಟಿಸಿತು. ಎರಡನೆಯ ಗುಂಪಿನ ಕಾರುಗಳು ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ತಯಾರಾದವು.

ತಮ್ಮ ಕಾರು ಇಂತಹ ಪಟ್ಟಿಯಲ್ಲಿದೆಯೇ ಎಂಬುದನ್ನು ನೋಂದಣಿ ಪತ್ರದಲ್ಲಿರುವ ಚಾಸಿಸ್ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ನಮೂದಿಸಿ ತಿಳಿಯಬಹುದು. ಹಳೆಯ ಕಾರು ಕೊಂಡವರು ಇದನ್ನು ತಪ್ಪದೆ ಮಾಡಬೇಕು. ತಯಾರಕರ ಸೂಚನೆ ಮೊದಲ ಮಾಲೀಕರ ವಿಳಾಸಕ್ಕೇ ಹೋಗಿರಬಹುದು. ನಮೂನೆ 29 ಮತ್ತು 30ರಲ್ಲಿ ಮಾಲೀಕತ್ವ ವರ್ಗಾವಣೆಯನ್ನೂ ಬಾಕಿ ಉಳಿಸಿಕೊಳ್ಳಬಾರದು.

ದೂರು

ಮೊದಲು ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ದೋಷವನ್ನು ಜಾಬ್ ಕಾರ್ಡಿನಲ್ಲಿ ಬರೆಯಿಸಿ ಪ್ರತಿ ಪಡೆಯಬೇಕು. ಬಾಯಿಮಾತಿನ ದೂರಿಗೆ ಮುಂದೆ ಯಾವ ದಾಖಲೆಯೂ ಇರುವುದಿಲ್ಲ. 2019ರ ತಿದ್ದುಪಡಿಯಿಂದ ಸೇರಿದ ಕಲಂ 110ಎ ಅಡಿ ದೋಷಪೂರಿತ ವಾಹನಗಳನ್ನು ಹಿಂಪಡೆಯುವಂತೆ ಆದೇಶಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಏಳು ವರ್ಷಕ್ಕಿಂತ ಕಡಿಮೆ ವಯಸ್ಸಿನ ವಾಹನಗಳ ಮಾಲೀಕರು ವಾಹನ್ ಪೋರ್ಟಲ್‌ನಲ್ಲಿ ದೋಷವನ್ನು ದಾಖಲಿಸಬಹುದು. ಒಂದೇ ಮಾದರಿಯ ಬಗ್ಗೆ ಬರುವ ದೂರುಗಳ ಸಂಖ್ಯೆಯೂ ಈ ಆದೇಶಕ್ಕೆ ಆಧಾರವಾಗುವುದರಿಂದ ಒಬ್ಬರ ದೂರು ವ್ಯರ್ಥವಲ್ಲ.

ಬೆಲ್ಟಿನ ದುರಸ್ತಿ ಅಥವಾ ಪರಿಹಾರ ಕೊಡಿಸುವುದು ಪ್ರಾದೇಶಿಕ ಸಾರಿಗೆ ಕಛೇರಿಯ ಕಾರ್ಯವಲ್ಲ. ಪರಿಹಾರ ಕೋರುವವರು 1915 ಸಹಾಯವಾಣಿಯನ್ನು ಸಂಪರ್ಕಿಸಬಹುದು, ಅಥವಾ ವ್ಯಾಜ್ಯ ಉದ್ಭವಿಸಿದ ಎರಡು ವರ್ಷದೊಳಗೆ ತಾವು ವಾಸಿಸುವ ಜಿಲ್ಲೆಯ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಹದಿನೈದು ವರ್ಷ ತುಂಬಿದ ಕಾರುಗಳನ್ನು ನೋಂದಣಿ ನವೀಕರಣದ ಪರಿಶೀಲನೆಗೆ ತರುವ ಮುನ್ನ ಎಲ್ಲ ಆಸನಗಳ ಬೆಲ್ಟುಗಳನ್ನೂ ಸರಿಪಡಿಸಿಕೊಂಡಿರಲು ಕೋರಲಾಗಿದೆ.