ವೈದ್ಯವಿದ್ಯೆಯ ಹೊಸ್ತಿಲಲ್ಲಿ ಕಾದವರು

ರೋಗಿಯು ವೈದ್ಯನ ದಾರಿಯನ್ನು ಕಾಯುವ ಸಂಗತಿ ಲೋಕಕ್ಕೆಲ್ಲ ತಿಳಿದುದು. ವೈದ್ಯನಾಗಬೇಕೆಂದು ಹಂಬಲಿಸಿದವನು ವಿದ್ಯಾಶಾಲೆಯ ಬಾಗಿಲಲ್ಲಿ ಕಾಯುವ ಸಂಗತಿಯಾದರೋ ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಅರ್ಜಿಯನ್ನು ಬರೆದುದಾಯಿತು, ಪರೀಕ್ಷೆ ಮುಗಿಯಿತು, ಹಿರಿಯರ ಎದುರಿಗೆ ಕುಳಿತು ಅವರು ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳಿದುದೂ ಆಯಿತು. ಇನ್ನು ಮಾಡತಕ್ಕ ಕೆಲಸವೊಂದೂ ಇಲ್ಲ. ಕಾಗದ ಬರುವವರೆಗೆ ದಿನಗಳನ್ನು ಎಣಿಸುವುದು ಮಾತ್ರ ಉಳಿದಿದೆ. ಅಮೆರಿಕಾ ದೇಶದಲ್ಲಿ ಇಂದಿಗೂ ವೈದ್ಯವಿದ್ಯಾರ್ಥಿಗಳನ್ನು ಆರಿಸುವಾಗ ಸಂದರ್ಶನವು ಮುಖ್ಯವಾದ ಘಟ್ಟ. ಅದನ್ನು ಮುಗಿಸಿ ಬಂದವರು ಕೆಲವೊಮ್ಮೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಿರ್ಣಯವನ್ನು ನಿರೀಕ್ಷಿಸುತ್ತಿರುತ್ತಾರೆ. 'ಬನ್ನಿ' ಎಂದಾಗಲಿ 'ಬೇಡ' ಎಂದಾಗಲಿ ಹೇಳದೆ, ಕಾಯತಕ್ಕವರ ಪಟ್ಟಿಯೊಂದರಲ್ಲಿ ಅವರ ಹೆಸರನ್ನು ಸೇರಿಸಿಡುವುದೂ ಅಲ್ಲಿ ಉಂಟು.

ಈ ಕಾಯುವಿಕೆಗೆ ಒಂದು ಚರಿತ್ರೆಯಿದೆ. ಈ ಹೊತ್ತು ನಾವು ಆ ಚರಿತ್ರೆಯ ಕೆಲವು ಪುಟಗಳನ್ನು ತಿರುವಿಹಾಕೋಣ. ಹೊರಗೆ ಕಾದವರ ಸಂಕಟವೆಷ್ಟೆಂಬುದು ನಮ್ಮ ಪ್ರಶ್ನೆಯಲ್ಲ. ಸಂಕಟವು ಎಲ್ಲ ಕಾಲದಲ್ಲಿಯೂ ಒಂದೇ. ಒಳಗೆ ಕುಳಿತವರು ಯಾವ ನಿಯಮವನ್ನು ಹಿಡಿದು ನಿರ್ಣಯ ಮಾಡಿದರು ಎಂಬುದೇ ನಮ್ಮ ಪ್ರಶ್ನೆ.

1847ನೆಯ ಇಸವಿಯಲ್ಲಿ ಎಲಿಜಬೆತ್ ಬ್ಲ್ಯಾಕ್‌ವೆಲ್ ಎಂಬ 26 ವರುಷದ ತರುಣಿ ಅಮೆರಿಕಾದ ಫಿಲಡೆಲ್ಫಿಯಾ ನಗರಕ್ಕೆ ಬಂದಳು. ಆಕೆ ಹುಟ್ಟಿದ್ದು ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದಲ್ಲಿ. ಸಂಸಾರವು 1832ರಲ್ಲಿ ಅಮೆರಿಕಾಕ್ಕೆ ವಲಸೆ ಹೋಯಿತು. 1838ರಲ್ಲಿ ತಂದೆ ತೀರಿಕೊಂಡರು. ಮಕ್ಕಳಿಗೆ ಪಾಠ ಹೇಳಿ ಕಾಸಿಗೆ ಕಾಸು ಕೂಡಿಸಿ ಆಕೆ ಈ ಪ್ರಯತ್ನಕ್ಕೆ ಕೈಹಾಕಿದಳು. ಮರಣಶಯ್ಯೆಯಲ್ಲಿದ್ದ ಗೆಳತಿಯೊಬ್ಬಳು, ತನಗೆ ಚಿಕಿತ್ಸೆ ಮಾಡುವವರು ಹೆಂಗಸಾಗಿದ್ದರೆ ತನ್ನ ಯಾತನೆಯಲ್ಲಿ ಬಹುಭಾಗ ತಪ್ಪುತ್ತಿತ್ತೆಂದು ಹೇಳಿದ ಮಾತು ಆಕೆಯ ಮನಸ್ಸಿನಲ್ಲಿ ನಾಟಿತ್ತು.

ಫಿಲಡೆಲ್ಫಿಯಾದಲ್ಲಿ ಆಕೆ ಒಬ್ಬೊಬ್ಬ ಪ್ರಾಧ್ಯಾಪಕರ ಮನೆಗೂ ತಾನೇ ಹೋಗಿ ತನ್ನ ಇಷ್ಟವನ್ನು ಅರಿಕೆಮಾಡಿಕೊಂಡಳು. ಒಬ್ಬರು ನಕ್ಕರು, ನಕ್ಕರೂ ಕೈಲಾದುದನ್ನು ಮಾಡುವುದಾಗಿ ಹೇಳಿದರು. ಇನ್ನೊಬ್ಬರು, ಈ ವಿಷಯದಲ್ಲಿ ತಾವು ಅನುಕೂಲವಾಗಿಯೂ ಹೇಳಲಾರೆವು, ಪ್ರತಿಕೂಲವಾಗಿಯೂ ಹೇಳಲಾರೆವು ಎಂದು ಕೈತೊಳೆದುಕೊಂಡರು. ಮತ್ತೊಬ್ಬರು, ಗಂಡುಡುಗೆಯನ್ನು ಧರಿಸಿ ಪ್ಯಾರಿಸ್ಸಿಗೆ ಹೋದರೆ ಕಲಿಯಬಹುದೆಂದು ಉಪಾಯ ಸೂಚಿಸಿದರು. ಎಲಿಜಬೆತ್ ಅದಕ್ಕೆ ಒಪ್ಪಲಿಲ್ಲ. ಮರೆಮಾಚಿ ಒಳಹೊಕ್ಕರೆ ತಾನೊಬ್ಬಳು ವೈದ್ಯಳಾದೇನು. ಬಾಗಿಲು ಮಾತ್ರ ಹಿಂದಿನಂತೆಯೇ ಮುಚ್ಚಿರುತ್ತದೆ ಎಂಬ ವಿವೇಕ ಆಕೆಗಿತ್ತು. ದೊಡ್ಡ ನಗರಗಳ ಕಾಲೇಜುಗಳೆಲ್ಲ ಒಲ್ಲೆವೆಂದ ಮೇಲೆ, ಸಣ್ಣ ಊರುಗಳ ಹನ್ನೆರಡು ಕಾಲೇಜುಗಳಿಗೆ ಅರ್ಜಿ ಕಳುಹಿಸಿ ಕಾಯುತ್ತ ಕುಳಿತಳು. ಕುಳಿತಳೆಂದರೆ ಸುಮ್ಮನೆ ಕುಳಿತಳೆಂದಲ್ಲ. ಆ ಅವಧಿಯಲ್ಲಿ ಖಾಸಗಿಯಾಗಿ ಅಂಗರಚನಾಶಾಸ್ತ್ರವನ್ನು ಅಭ್ಯಾಸಮಾಡುತ್ತಿದ್ದಳು.

ಅಕ್ಟೋಬರ್ ತಿಂಗಳ ಕೊನೆಗೆ ನ್ಯೂಯಾರ್ಕ್ ಪ್ರಾಂತದ ಜಿನೀವಾ ಎಂಬ ಚಿಕ್ಕ ಊರಿನ ವೈದ್ಯಕೀಯ ಕಾಲೇಜಿನಿಂದ ಕಾಗದ ಬಂತು. 20ನೆಯ ತಾರೀಖಿನಲ್ಲಿ ಬರೆದ ಆ ಕಾಗದದಲ್ಲಿ ಪ್ರವೇಶಕ್ಕೆ ಸಮ್ಮತಿಯಿತ್ತು. ಜೊತೆಗೆ ವಿದ್ಯಾರ್ಥಿಗಳು ಆಕೆಯನ್ನು ಸ್ವಾಗತಿಸಿ ಮಾಡಿದ ಠರಾವಿನ ಪ್ರತಿಯೂ ಇತ್ತು. ಆಕೆಯ ಸಂತೋಷಕ್ಕೆ ಪಾರವಿರಲಿಲ್ಲ. ನವೆಂಬರ್ 4ರಂದು ಹೊರಟು 6ರ ರಾತ್ರಿ ಜಿನೀವಾ ಸೇರಿದಳು. 1849ನೆಯ ಜನವರಿ 23ರಂದು ವೈದ್ಯಪದವಿಯನ್ನು ಪಡೆದು, ಅಮೆರಿಕಾದಲ್ಲಿ ಆ ಪದವಿಯನ್ನು ಪಡೆದ ಮೊದಲ ಮಹಿಳೆಯೆನಿಸಿದಳು.

ಆ ಸಮ್ಮತಿಯು ಹುಟ್ಟಿದ ಬಗೆ ಆಗ ಆಕೆಗೆ ತಿಳಿದಿರಲಿಲ್ಲ. ಅದೇ ತರಗತಿಯಲ್ಲಿದ್ದು, ಮುಂದೆ ಸಾರ್ವಜನಿಕ ಆರೋಗ್ಯದ ಕಾರ್ಯದಲ್ಲಿ ಪ್ರಸಿದ್ಧರಾದ ಸ್ಟೀಫನ್ ಸ್ಮಿತ್ ಎಂಬವರು ಆ ಕಥೆಯನ್ನು ಬರೆದಿಟ್ಟಿದ್ದಾರೆ. ಅಧ್ಯಾಪಕರಿಗೆ ಆಕೆಯನ್ನು ಸೇರಿಸಿಕೊಳ್ಳುವ ಮನಸ್ಸಿರಲಿಲ್ಲ. ಗೌರವಸ್ಥ ವೈದ್ಯರೊಬ್ಬರು ಶಿಫಾರಸು ಮಾಡಿದ್ದರಿಂದ ನೇರವಾಗಿ ನಿರಾಕರಿಸಲು ದಾಕ್ಷಿಣ್ಯ. ಹೀಗಾಗಿ ಭಾರವನ್ನು ವಿದ್ಯಾರ್ಥಿಗಳ ತಲೆಯ ಮೇಲೆ ಹೊರಿಸಿದರು. ಒಬ್ಬನು ಬೇಡವೆಂದರೂ ಪ್ರವೇಶವಿಲ್ಲವೆಂದು ಕಟ್ಟಳೆ ಮಾಡಿದರು. ಸುಮಾರು 150 ಮಂದಿ ಹುಡುಗರು ಇದನ್ನು ಯಾರೋ ಮಾಡಿದ ತಮಾಷೆಯೆಂದು ಬಗೆದು, ಗದ್ದಲದ ನಡುವೆ ಎಲ್ಲರೂ 'ಆಗಲಿ' ಎಂದು ಕೂಗಿದರು. ಮೂಲೆಯಲ್ಲಿ 'ಬೇಡ'ವೆಂದ ಒಬ್ಬನನ್ನು ಉಳಿದವರು ಮುತ್ತಿ ಗುದ್ದಿ 'ಆಗಲಿ' ಎನ್ನಿಸಿದರು.

ಇದು ನಗೆಗೆ ವಿಷಯ, ನಿಜ. ಆದರೆ ನಕ್ಕು ಬಿಡತಕ್ಕ ವಿಷಯವಲ್ಲ. ಅಷ್ಟು ದೀರ್ಘವಾದ ಪ್ರಯತ್ನದ ಫಲವು ಕೊನೆಗೆ ಒಂದು ಸಂಜೆಯ ಹುಡುಗಾಟವನ್ನು ಅವಲಂಬಿಸಿತ್ತು. ಹುಡುಗಾಟದಿಂದ ತೆರೆದ ಬಾಗಿಲು ತೆರೆದೇ ಇರುವುದೆಂಬ ಭರವಸೆ ಎಲ್ಲಿಯದು? ಎಲಿಜಬೆತ್ತಳ ತಂಗಿ ಎಮಿಲಿ ಅದೇ ವಿದ್ಯೆಯನ್ನು ಕಲಿಯಲು ಹೊರಟಾಗ, ಅಕ್ಕನನ್ನು ಸೇರಿಸಿಕೊಂಡಿದ್ದ ಜಿನೀವಾ ಕಾಲೇಜೇ ಅವಳಿಗೆ ಸ್ಥಳ ಕೊಡಲಿಲ್ಲ. 1852ರಲ್ಲಿ ಚಿಕಾಗೋ ನಗರದ ರಷ್ ಕಾಲೇಜು ಸೇರಿಸಿಕೊಂಡಿತು. ಪ್ರಾಂತದ ವೈದ್ಯರ ಸಂಘವು ಆಕ್ಷೇಪಿಸಲು, ಮರುವರುಷ ಬಾರದಂತೆ ಮಾಡಿತು. ಕಡೆಗೆ ಕ್ಲೀವ್‌ಲೆಂಡಿನಲ್ಲಿ 1854ರಲ್ಲಿ ಎಮಿಲಿಗೆ ಪದವಿ ಬಂತು. ಅಕ್ಕತಂಗಿಯರಿಬ್ಬರೂ ಈ ಅನುಭವದಿಂದ ಪಾಠ ಕಲಿತರು. ಇತರರ ಕೃಪೆಯನ್ನು ಕಾಯುವುದಕ್ಕಿಂತ ಬಾಗಿಲನ್ನೇ ಕಟ್ಟುವುದು ಮೇಲೆಂದು 1868ರಲ್ಲಿ ನ್ಯೂಯಾರ್ಕಿನಲ್ಲಿ ತಾವೇ ಮಹಿಳೆಯರ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು.

ಕೃಪೆ ಬೇಡ, ನಿಯಮವಿರಲಿ ಎನ್ನಬಹುದು. ನಿಯಮವಿದ್ದೂ ಫಲಿಸದ ಉದಾಹರಣೆಯು ಸ್ಕಾಟ್ಲೆಂಡಿನದು. 1869ರಲ್ಲಿ ಸೋಫಿಯಾ ಜೆಕ್ಸ್-ಬ್ಲೇಕ್ ಎಂಬಾಕೆ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರ ಕಲಿಯಲು ಅನುಮತಿ ಬೇಡಿದಳು. ಒಬ್ಬಳೇ ಹೆಂಗಸಿನ ಸಲುವಾಗಿ ಏರ್ಪಾಡು ಮಾಡಲಾಗದೆಂದು ಉತ್ತರ ಬಂತು. ಹಾಗಾದರೆ ಹಲವರು ಬರುತ್ತೇವೆಂದು ಆಕೆ ಪತ್ರಿಕೆಗಳ ಮೂಲಕ ಸಂಗಾತಿಗಳನ್ನು ಕೂಡಿಸಿದಳು. ಪ್ರವೇಶಪರೀಕ್ಷೆಗೆ ಕುಳಿತವರು ಒಟ್ಟು 152 ಮಂದಿ. ಅವರಲ್ಲಿ ಸ್ತ್ರೀಯರು ಐವರು. ಮೊದಲ ಏಳು ಸ್ಥಾನಗಳಲ್ಲಿ ನಾಲ್ಕು ಈ ಸ್ತ್ರೀಯರ ಪಾಲಾದುವು. ಬೇಗನೆ ಅವರ ಸಂಖ್ಯೆ ಏಳಾಯಿತು.

ಯೋಗ್ಯತೆಗೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ? ಆದರೂ 1870ನೆಯ ನವೆಂಬರ್ 18ರಂದು ಅಂಗರಚನಾಶಾಸ್ತ್ರದ ಪರೀಕ್ಷೆಗೆ ಹೋಗುತ್ತಿದ್ದ ಅವರನ್ನು ನೂರಾರು ಜನರು ತಡೆದು ಕೆಸರೆರಚಿದರು. ಪರೀಕ್ಷೆಯ ಕೊಠಡಿಯೊಳಕ್ಕೆ ಕುರಿಯೊಂದನ್ನು ನುಗ್ಗಿಸಿದರು. 1873ರಲ್ಲಿ ನ್ಯಾಯಾಲಯವು, ವಿಶ್ವವಿದ್ಯಾನಿಲಯಕ್ಕೆ ಇವರನ್ನು ಸೇರಿಸಿಕೊಳ್ಳುವ ಅಧಿಕಾರವೇ ಇರಲಿಲ್ಲವೆಂದು ತೀರ್ಪಿತ್ತಿತು. ನಾಲ್ಕು ವರುಷದ ಓದು ಪದವಿಯಿಲ್ಲದೆ ಮುಗಿಯಿತು. ಜೆಕ್ಸ್-ಬ್ಲೇಕ್ ಬೇರೆ ಕಡೆಗಳಲ್ಲಿ ಪದವಿಯನ್ನೂ ಅನುಜ್ಞೆಯನ್ನೂ ಸಂಪಾದಿಸಿಕೊಂಡದ್ದು 1877ರಲ್ಲಿ.

ಇನ್ನು ನಮ್ಮ ದೇಶಕ್ಕೆ ಬರೋಣ. 1875ರಲ್ಲಿಯೇ ಮದರಾಸಿನ ವೈದ್ಯಕೀಯ ಕಾಲೇಜು ನಾಲ್ವರು ಸ್ತ್ರೀಯರನ್ನು ಸೇರಿಸಿಕೊಂಡಿತ್ತು. 1883ರಲ್ಲಿ ಆನಂದೀಬಾಯಿ ಜೋಶಿಯವರು ಹದಿನೆಂಟು ವರುಷದ ಪ್ರಾಯದಲ್ಲಿ ಕಲ್ಕತ್ತೆಯಿಂದ ಹಡಗು ಹತ್ತಿದರು. ಹಡೆದ ಮಗುವನ್ನು ಹತ್ತೇ ದಿನದಲ್ಲಿ ಕಳೆದುಕೊಂಡ ತಾಯಿ ಆಕೆ. ಎಲಿಜಬೆತ್ ಬಾಗಿಲಿಂದ ಬಾಗಿಲಿಗೆ ಅಲೆದ ಅದೇ ಫಿಲಡೆಲ್ಫಿಯಾದಲ್ಲಿ ಅಷ್ಟರಲ್ಲಿ ಸ್ತ್ರೀಯರಿಗಾಗಿಯೇ ಒಂದು ವೈದ್ಯಕೀಯ ಕಾಲೇಜಿತ್ತು. ಅದು ಆಕೆಯನ್ನು ಆದರದಿಂದ ಬರಮಾಡಿಕೊಂಡಿತು. 1886ನೆಯ ಮಾರ್ಚ್ 11ರಂದು ಪದವಿ ದೊರೆಯಿತು. ಕೊಲ್ಹಾಪುರ ಸಂಸ್ಥಾನದ ಆಸ್ಪತ್ರೆಯಲ್ಲಿ ಸ್ತ್ರೀವಿಭಾಗದ ಅಧಿಕಾರವೂ ಗೊತ್ತಾಯಿತು. ಆದರೆ 1887ನೆಯ ಫೆಬ್ರವರಿ 26ರಂದು, 22 ವರುಷ ತುಂಬುವ ಮೊದಲೇ, ಕ್ಷಯದಿಂದ ಆಕೆಯ ಆಯುಸ್ಸು ಮುಗಿಯಿತು. ಬಾಗಿಲು ತೆರೆಯಿತು, ಕಾಲವು ಕಾಯಲಿಲ್ಲ.

ಹೆಚ್ಚುಕಡಮೆ ಅದೇ ವರುಷಗಳಲ್ಲಿ ತಿರುವಾಂಕೂರಿನಲ್ಲಿ ಪದ್ಮನಾಭನ್ ಪಲ್ಪು ಎಂಬ ಯುವಕನು ವೈದ್ಯವಿದ್ಯೆಯ ಪ್ರವೇಶಪರೀಕ್ಷೆಯಲ್ಲಿ ತೇರ್ಗಡೆಯಾಗಿ ಫಲವನ್ನು ಕಾಯುತ್ತಿದ್ದನು. ಸ್ಥಳ ದೊರೆಯಲಿಲ್ಲ. ವಯಸ್ಸು ಮೀರಿತೆಂಬುದು ಹೊರಗೆ ಹೇಳಿದ ಕಾರಣ. ಆತನು ಈಳವರ ಕುಲದಲ್ಲಿ ಹುಟ್ಟಿದುದೇ ಒಳಗಿನ ಕಾರಣ. ಮದರಾಸಿಗೆ ಹೋಗಿ ಓದಿ ವೈದ್ಯನಾಗಿ ಹಿಂದಿರುಗಿದರೂ ಹುಟ್ಟಿದ ಸಂಸ್ಥಾನದಲ್ಲಿ ಚಾಕರಿ ಸಿಕ್ಕಲಿಲ್ಲ. ಆಗ ಆಶ್ರಯ ಕೊಟ್ಟುದು ಮೈಸೂರು ಸಂಸ್ಥಾನ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು, ಜನರು ಮನೆಮಠ ಬಿಟ್ಟು ಬಯಲಿನ ಗುಡಿಸಲುಗಳನ್ನು ಸೇರಿದ ಆ ಭೀಕರವಾದ ದಿನಗಳಲ್ಲಿ ರೋಗಿಗಳ ನಡುವೆ ನಿಂತು ದುಡಿದವರಲ್ಲಿ ಡಾಕ್ಟರ್ ಪಲ್ಪು ಒಬ್ಬರು. ಮುಂದೆ ಹೆಚ್ಚಿನ ವ್ಯಾಸಂಗಕ್ಕಾಗಿ ಅವರನ್ನು ಇಂಗ್ಲೆಂಡಿಗೆ ಕಳುಹಿಸಿದುದೂ ಮೈಸೂರು ಸರ್ಕಾರವೇ. 1896ರಲ್ಲಿ ತಮ್ಮವರ 13,176 ಸಹಿಗಳೊಡನೆ ತಿರುವಾಂಕೂರಿನ ಮಹಾರಾಜರಿಗೆ ಮನವಿಯನ್ನು ಅರ್ಪಿಸಿದವರೂ ಇವರೇ. ತನಗೆ ಮುಚ್ಚಿದ ಬಾಗಿಲನ್ನು ಮುಂದಿನವರಿಗಾಗಿ ತಟ್ಟುತ್ತ ನಿಲ್ಲುವುದು ಸಾಮಾನ್ಯವಾದ ಗುಣವಲ್ಲ. ಒಂದು ಸಂಸ್ಥಾನವು ಬೇಡವೆಂದು ಕಳೆದುಕೊಂಡುದೇನು, ಇನ್ನೊಂದು ಪಡೆದುಕೊಂಡುದೇನು ಎಂಬುದನ್ನು ಬೆಂಗಳೂರಿನವರು ನೆನೆಯಬೇಕು.

ನಮ್ಮ ಮೈಸೂರಿನಲ್ಲಿ ವೈದ್ಯಪದವಿಯ ಕಾಲೇಜು ಹುಟ್ಟಿದ್ದು 1924ರಲ್ಲಿ, ಬೆಂಗಳೂರಿನಲ್ಲಿ. ಅದು ಮೈಸೂರು ನಗರಕ್ಕೆ ಬಂದದ್ದು 1930ರಲ್ಲಿ. ಸಂಸ್ಥಾನವು ರಾಜ್ಯವಾದ ಮೇಲೆ, 1963ರಲ್ಲಿ, ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳಿಗೆ ವಿದ್ಯಾರ್ಥಿಗಳನ್ನು ಆರಿಸುವಾಗ, ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳಲ್ಲಿ ನೂರಕ್ಕೆ 25ರಷ್ಟನ್ನು ಸಂದರ್ಶನಕ್ಕೆ ಮೀಸಲಿಡಬೇಕೆಂದು ಸರ್ಕಾರ ಆಜ್ಞೆ ಮಾಡಿತು. ಕಾದು ನಿರಾಶರಾದವರು ನ್ಯಾಯಾಲಯಕ್ಕೆ ಹೋದರು. ಚಿತ್ರಲೇಖಾ ಮೊಕದ್ದಮೆಯೆಂದು ಹೆಸರಾದ ಆ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1964ರಲ್ಲಿ, ಸಂದರ್ಶನದ ಪದ್ಧತಿಯೇ ತಪ್ಪೆನ್ನಲಾಗದು, ಅದರ ದುರುಪಯೋಗವಾದರೆ ಆ ದುರುಪಯೋಗವನ್ನು ಪ್ರಶ್ನಿಸಬಹುದು ಎಂದು ತೀರ್ಮಾನಿಸಿತು. 1981ರಲ್ಲಿ ಶ್ರೀನಗರದ ಇಂಜಿನಿಯರಿಂಗ್ ಕಾಲೇಜೊಂದರ ವ್ಯಾಜ್ಯದಲ್ಲಿ ಅದೇ ನ್ಯಾಯಾಲಯವು, ಒಬ್ಬೊಬ್ಬನನ್ನು ಎರಡು ಮೂರು ನಿಮಿಷ ಮಾತನಾಡಿಸಿ ಮೂರರಲ್ಲೊಂದು ಪಾಲು ಅಂಕವನ್ನು ಹಂಚುವುದು ನ್ಯಾಯವಲ್ಲವೆಂದೂ, ನೂರಕ್ಕೆ 15ನ್ನು ಮೀರಬಾರದೆಂದೂ ಹೇಳಿತು. 1994ರಿಂದ ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶಪರೀಕ್ಷೆ, ಆಮೇಲೆ ದೇಶಕ್ಕೆಲ್ಲ ನೀಟ್ ಎಂಬ ಒಂದೇ ಪರೀಕ್ಷೆ. ಈಗ ನಮ್ಮ ಮಕ್ಕಳು ಕಾಯುವುದು ಹಿರಿಯರ ಅಭಿಪ್ರಾಯಕ್ಕಲ್ಲ. ಅಂಕಕ್ಕೆ, ಶ್ರೇಣಿಗೆ, ಸೀಟಿನ ಹಂಚಿಕೆಗೆ.

ಈ ಎರಡು ಕ್ರಮಗಳಲ್ಲಿ ಮೇಲಾದುದು ಯಾವುದು? ರೋಗಿಯ ಕೈಹಿಡಿದು ಕೂರುವ ಕನಿಕರವನ್ನು ಅಂಕವು ಅಳೆಯಲಾರದು. ಅದನ್ನು ಗುರುತಿಸುವ ಹಿರಿಯರು ಎದುರಿಗಿದ್ದರೆ ಸಂದರ್ಶನದಂಥ ಸಾಧನ ಬೇರೊಂದಿಲ್ಲ. ಆದರೆ ಅದೇ ಹಿರಿಯರು ಅಭ್ಯರ್ಥಿಯ ಕುಲವನ್ನೋ ಉಡುಗೆಯನ್ನೋ ನೋಡತೊಡಗಿದರೆ, ಹೊರಗೆ ಕುಳಿತವನಿಗೆ ಅದು ತಿಳಿಯುವ ಬಗೆಯೇ ಇಲ್ಲ. ಅಂಕಕ್ಕೆ ಹೃದಯವಿಲ್ಲ, ಹಾಗೆಯೇ ಮುಖದಾಕ್ಷಿಣ್ಯವೂ ಇಲ್ಲ. ಆದುದರಿಂದ ಒಂದು ಮಾತನ್ನಂತೂ ನಾವು ಧೈರ್ಯವಾಗಿ ಹೇಳಬಹುದು. ಯಾವ ಕ್ರಮವಾದರೂ ಆಗಲಿ, ಒಳಗಿನ ನಿಯಮವು ಹೊರಗಿನವರಿಗೆ ತಿಳಿದಿರಬೇಕು, ನಿರಾಕರಣೆಗೆ ಕಾರಣವಿರಬೇಕು, ಹೇಳಿದ ಕಾರಣವೇ ನಿಜವಾದ ಕಾರಣವಾಗಿರಬೇಕು. ಅಷ್ಟಿದ್ದರೆ ಕಾಯುವುದು ಕಷ್ಟವಾದರೂ ಅವಮಾನವಾಗುವುದಿಲ್ಲ.

ಮಾತು ಮುಗಿಸುವ ಮೊದಲು ಎಡಿನ್‌ಬರೋ ನಗರದ ಆ ಏಳು ಮಂದಿಯನ್ನು ಮತ್ತೊಮ್ಮೆ ನೆನೆಯೋಣ. 2019ನೆಯ ಜುಲೈ 6ರಂದು ಅದೇ ವಿಶ್ವವಿದ್ಯಾನಿಲಯವು ಅವರಿಗೆ ಮರಣೋತ್ತರವಾಗಿ ವೈದ್ಯಪದವಿಯನ್ನು ಕೊಟ್ಟಿತು. ಅರ್ಜಿ ಹಾಕಿ ಅಂದಿಗೆ 150 ವರುಷಗಳಾಗಿದ್ದುವು. ಸಭಾಮಂದಿರದಲ್ಲಿ ಎದ್ದುನಿಂತು ಅವರ ಪರವಾಗಿ ಪದವಿಪತ್ರಗಳನ್ನು ಸ್ವೀಕರಿಸಿದವರು, ಆಗ ಅಲ್ಲಿ ವೈದ್ಯಶಾಸ್ತ್ರವನ್ನು ಓದುತ್ತಿದ್ದ ಏಳು ಮಂದಿ ವಿದ್ಯಾರ್ಥಿನಿಯರು. ನಿರ್ಣಯವು ಕಾದವರ ಕೈಸೇರಲಿಲ್ಲ. ಅವರ ಹಿಂದೆ ಬಂದವರ ಕೈಸೇರಿತು. ಈ ಹೊತ್ತು ಯಾವ ಮನೆಯಲ್ಲಿಯಾದರೂ ಒಬ್ಬ ಹುಡುಗನೋ ಹುಡುಗಿಯೋ ಇಂತಹುದೇ ಫಲವನ್ನು ಕಾಯುತ್ತಿದ್ದರೆ, ಅವರಿಗೆ ಶುಭವಾಗಲಿ. ಫಲವು ಹೇಗೆ ಬಂದರೂ, ಕಾದ ದಿನಗಳಲ್ಲಿ ಓದಿದ ಪಾಠವು ಎಲಿಜಬೆತ್ತಳಿಗೆ ಒದಗಿದಂತೆ ಅವರಿಗೂ ಒದಗುವುದು.